ತೋಳಕ್ಕೆ ಬೆಳಗ್ಗೆ ಎಲ್ಲ ನೆನಪಿರುತ್ತದೆ

ನಾನೂ ನನ್ನ ಗೆಳತಿಯೂ ಸೇರಿ ಮೂರು ವರ್ಷ ಒಬ್ಬ ತೋಳಮನುಷ್ಯನನ್ನು ಸಾಕಿದೆವು. ಉಳಿದ ದಿನವೆಲ್ಲ ಮನುಷ್ಯ, ಹುಣ್ಣಿಮೆಗೆ ತೋಳ. ಮೊಬೈಲಿನಲ್ಲಿ ಕತೆ ಓದಿಸುವ ಒಂದು ಆ್ಯಪ್‌ಗೆ ಅವನ ಕತೆಯನ್ನು ವಾರಕ್ಕೊಂದು ಕಂತಿನಂತೆ ಬರೆಯುತ್ತಿದ್ದೆವು. ನಾನು ಶಿವಾಜಿನಗರದ ಪ್ರೆಸ್ಸೊಂದರಲ್ಲಿ ಮದುವೆ ಕಾರ್ಡುಗಳ ಡಿಟಿಪಿ ಮಾಡುವವಳು, ಅವಳು ಕಮರ್ಷಿಯಲ್ ಸ್ಟ್ರೀಟಿನ ಸೀರೆ ಅಂಗಡಿಯಲ್ಲಿ ಸೇಲ್ಸ್. ಮಧ್ಯಾಹ್ನ ಅವಳ ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಡಬ್ಬಿ ಬಿಚ್ಚಿದರೆ, ಮೊಸರನ್ನ ಮುಗಿಯುವಷ್ಟರಲ್ಲಿ ಒಂದು ಕೊಲೆ ಆಗಿರಬೇಕು. ನಿಯಮ ಕಟ್ಟುವುದು ನಾನು, ಬರೆಯುವುದು ಅವಳು, ಹೆಸರು ಇಬ್ಬರದು.

ಮೊದಮೊದಲು ನಮ್ಮ ಕತೆಯಲ್ಲಿ ಹಿಮ, ಪೈನ್ ಮರ, ಹಳೇ ಕೋಟೆ. ಕಣ್ಣಾರೆ ಕಾಣದ ಹಿಮವನ್ನು ಎಷ್ಟು ಕಂತು ಸುರಿಸುವುದು? ನನಗೆ ರೇಗಿಹೋಯಿತು. ಕೆ.ಆರ್. ಪುರದ ನಮ್ಮ ತವರಿನಲ್ಲಿ, ಹೊಲಗಳು ಇನ್ನೂ ಹೊಲಗಳಾಗಿದ್ದ ಕಾಲಕ್ಕೆ ಕುರಿ ಹೊತ್ತೊಯ್ಯುತ್ತಿದ್ದ ತೋಳದ ಸುದ್ದಿಯನ್ನು ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಆ ಹೊಲದಲ್ಲೀಗ ನಮ್ಮಣ್ಣಂದಿರ ಬಾಡಿಗೆ ಮನೆಗಳಿವೆ. ತೋಳವನ್ನು ಅಲ್ಲಿಗೇ ಕರೆತಂದೆ. ಬಂದ ಮೇಲೆ ನಿಯಮಗಳೂ ನಮ್ಮವೇ ಆದವು. ಹುಣ್ಣಿಮೆ ಅಂದರೆ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗಂಡ ತೋಳ ಅಂತ ಹೆಂಡತಿ ಪೂಜೆ ಬಿಡುತ್ತಾಳೆಯೇ? ಪ್ರಸಾದ ಹಂಚುವವರೆಗೂ ಅವನು ಕೂದಲು ಮೂಡುತ್ತಿರುವ ಅಂಗೈ ಕೆರೆದುಕೊಳ್ಳದೆ ಕೂರಬೇಕು, ಪಾಪ. ಬೆಳ್ಳಿ ತಾಕಿದರೆ ಅವನ ಮೈ ಸುಡುತ್ತದೆ. ಬೆಳ್ಳಿ ಅಂದರೆ ನಮ್ಮಲ್ಲಿ ಇಂಗ್ಲಿಷ್ ಕತೆಗಳಲ್ಲಿ ತೋಳಕ್ಕೆ ಹೊಡೆಯುವ ಗುಂಡು ಅಲ್ಲ, ಮಗುವಿನ ಸೊಂಟಕ್ಕೆ ಅಜ್ಜಿ ಕಟ್ಟುವ ಉಡಿದಾರ. ಹಾಗಾಗಿ ಅವನು ತನ್ನ ಮಗುವನ್ನೇ ಎತ್ತಿಕೊಳ್ಳಲಾರ. ಆ ಕಂತು ಓದಿ ಜನ ಅತ್ತರು. ಅಂಥ ನಿಯಮ ನನಗೆ ಎಲ್ಲಿಂದ ಹೊಳೆಯಿತು ಅಂತ ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹಲ್ಲು, ಉಗುರು ಇವೆಲ್ಲ ಯಾರನ್ನೂ ಹೆದರಿಸುವುದಿಲ್ಲ ಅನ್ನುವುದು ಈ ಕೆಲಸ ನನಗೆ ಕಲಿಸಿದ ಪಾಠ. ಎಲ್ಲವನ್ನೂ ಮಾಡಬಲ್ಲ ರಾಕ್ಷಸನಷ್ಟು ಬೋರು ಹೊಡೆಸುವವನು ಬೇರೆ ಇಲ್ಲ. ಅವನ ಕೈಯಲ್ಲಿ ಏನಾಗುವುದಿಲ್ಲ, ಮನೆಯವರು ಅದನ್ನು ಮುಚ್ಚಿಡಲು ಯಾವ ಸುಳ್ಳು ಹೇಳುತ್ತಾರೆ, ಇಷ್ಟು ಗಟ್ಟಿಯಾಗಿರಬೇಕು. ಆ ಸುಳ್ಳು ಎಷ್ಟು ಸಣ್ಣದೋ ಓದುವವರು ಅಷ್ಟು ನಂಬುತ್ತಾರೆ ಅಂತ ಅವಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಒಂದು ನಿಯಮದ ಮೇಲೆ ಮಾತ್ರ ನಮ್ಮಿಬ್ಬರಿಗೆ ಜಗಳ. ತೋಳವಾಗಿದ್ದಾಗ ಮಾಡಿದ್ದು ಬೆಳಗ್ಗೆ ಅವನಿಗೆ ನೆನಪಿರಬೇಕೋ ಬೇಡವೋ? ಬೇಡ ಅಂತ ನಾನು. ನೆನಪಿಲ್ಲದಿದ್ದರೆ ಅವನ ತಪ್ಪೂ ಇಲ್ಲ, ಓದುವವರು ಅವನನ್ನು ಪ್ರೀತಿಸಬಹುದು. ಅವಳು ಒಪ್ಪಲಿಲ್ಲ. "ನೆನಪೇ ಇಲ್ದಿದ್ರೆ ಅದು ಬರೀ ಕಾಯಿಲೆ ಕಣೇ. ಅದರಲ್ಲಿ ಕತೆ ಎಲ್ಲಿದೆ? ನೆನಪಿರತ್ತೋ ಇಲ್ವೋ, ನಿನಗೇನು ಗೊತ್ತು?"

"ಗೊತ್ತು. ಎಲ್ಲಾ ನೆನಪಿರತ್ತೆ" ಅಂದುಬಿಟ್ಟೆ. ಅಂದಮೇಲೆ ಪೂರ್ತಿ ಹೇಳಿದೆ.

ಮಗಳು ಹುಟ್ಟಿದಾಗ ಬಾಣಂತನಕ್ಕೆ ತವರಿನಲ್ಲಿದ್ದೆ. ಒಂದು ಬೆಳಗ್ಗೆ ಎಳೆ ಬಿಸಿಲು ಕಾಯಿಸಲು ಕೂಸನ್ನು ತಾರಸಿಗೆ ಒಯ್ದವಳು, ನೀರಿನ ಟ್ಯಾಂಕಿನ ಪಕ್ಕ ನಿಂತು ಕೆಳಗಿನ ರಸ್ತೆ ನೋಡಿದೆ. ಕೈ ಬಿಟ್ಟರೆ ಎಷ್ಟು ಹೊತ್ತಿಗೆ ತಲುಪುತ್ತದೆ ಅಂತ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಕೆಳಗಿಳಿದು ಕೂಸನ್ನು ಅಮ್ಮನ ಮಡಿಲಿಗೆ ಹಾಕಿದವಳು ಐದು ತಿಂಗಳು ಮುಟ್ಟಲಿಲ್ಲ. ಮುಟ್ಟಿದರೆ ಕೊಲ್ಲುತ್ತೇನೆ ಅನ್ನುವ ಹೆದರಿಕೆ. ಗಾಳಿ ಸೋಕಿದೆ ಅಂದರು ಅಮ್ಮ. ಮುನೇಶ್ವರನ ಗುಡಿಯಿಂದ ದಾರ ತಂದು ಕಟ್ಟಿದರು, ಬೇವಿನ ಸೊಪ್ಪಿನಿಂದ ನೀವಾಳಿಸಿದರು. ನನಗೆ ಅದರಿಂದ ಸಮಾಧಾನವೇ ಆಯಿತು, ಸುಳ್ಳು ಯಾಕೆ ಹೇಳಲಿ. ಆ ಯೋಚನೆ ಮಾಡಿದವಳು ನಾನಲ್ಲ, ಇನ್ಯಾವುದೋ ಅಂತ ಮನೆಮಂದಿಯೆಲ್ಲ ಒಪ್ಪಿದ್ದರಲ್ಲ. ಆಮೇಲೆ ಡಾಕ್ಟರು ಅದಕ್ಕೆ ಬೇರೆ ಹೆಸರು ಹೇಳಿ ಮಾತ್ರೆ ಕೊಟ್ಟರು, ವಾಸಿಯಾಯಿತು. ಮಗಳಿಗೆ ಮಾತ್ರ ಇದು ತಿಳಿಯಬಾರದು ಅಂತ ಎಲ್ಲರ ಕೈಲೂ ಮಾತು ತೆಗೆದುಕೊಂಡೆ. ನಿನ್ನನ್ನು ಅಜ್ಜಿಯೇ ಯಾಕೆ ನೋಡಿಕೊಂಡರು ಅಂದರೆ, ನಿಮ್ಮಮ್ಮನಿಗೆ ಜಾಂಡೀಸ್ ಆಗಿತ್ತು. ಹದಿನಾರು ವರ್ಷ ಎಲ್ಲರೂ ಇದೇ ಮಾತು ಹೇಳಿದರು.

ಕೇಳಿ ಗೆಳತಿ ಅತ್ತಳು, ನನ್ನ ಕೈ ಹಿಡಿದುಕೊಂಡಳು. ಯಾರಿಗೂ ಹೇಳಬೇಡ ಅಂದೆ. "ನನ್ನ ಮೇಲೆ ನಂಬಿಕೆ ಇಲ್ವೇನೇ?" ಅಂದಳು.

ಅದಾಗಿ ಕೆಲವು ತಿಂಗಳಿಗೆ ಅವಳೊಬ್ಬಳದೇ ಹೆಸರಿನಲ್ಲಿ ಹೊಸ ಧಾರಾವಾಹಿ ಶುರುವಾಯಿತು. ಒಬ್ಬರೇ ಬರೆದರೆ ಆ್ಯಪ್‌ನವರು ಮುಂದಕ್ಕೆ ತರುತ್ತಾರಂತೆ. ಹೊಟ್ಟೆ ಉರಿಯಿತಾದರೂ ನುಂಗಿಕೊಂಡೆ. ಹನ್ನೊಂದನೇ ಕಂತನ್ನು ಮನೆಗೆ ಹೋಗುವ ಬಸ್ಸಿನಲ್ಲಿ ಓದಿದೆ. ಈ ಸಲ ತೋಳ ಅಪ್ಪನಲ್ಲ, ಅಮ್ಮ. ಕೂಸನ್ನೆತ್ತಿಕೊಂಡು ತಾರಸಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ನಿಂತಿದ್ದಾಳೆ. ಐದು ತಿಂಗಳು ಮುಟ್ಟುವುದಿಲ್ಲ. ಬಾಣಂತಿಗೆ ಜಾಂಡೀಸ್ ಅಂತ ಮನೆಯವರು ಊರಿಗೆ ಸಾರುತ್ತಾರೆ. ಬೆಳಗ್ಗೆ ಅವಳಿಗೆ ಎಲ್ಲ ನೆನಪಿರುತ್ತದೆ. ರಾಮಮೂರ್ತಿ ನಗರಕ್ಕೆ ಹೋಗಬೇಕಾದವಳು ಹಲಸೂರಿನಲ್ಲೇ ಇಳಿದುಬಿಟ್ಟೆ.

ಮಾರನೇ ದಿನ ಮೆಟ್ಟಿಲ ಮೇಲೆ ಅವಳು ಡಬ್ಬಿ ಬಿಚ್ಚುತ್ತಿದ್ದಳು. ಹನ್ನೊಂದನೇ ಕಂತು ಓದಿದೆ ಅಂದೆ. "ಕತೆ ಕಣೇ ಅದು. ಹೆಸರಿಲ್ಲ, ಊರಿಲ್ಲ, ಯಾರಿಗೆ ಗೊತ್ತಾಗತ್ತೆ?" ಅಂದಳು.

"ಜಾಂಡೀಸ್ ಆದ್ರೂ ಬಿಡಬಾರದಾಗಿತ್ತಾ?"

"ಅದೊಂದು ಇರೋದಕ್ಕೇ ಜನ ನಂಬ್ತಿರೋದು. ಸುಳ್ಳು ಸಣ್ಣದಿರಬೇಕು ಅಂತ ನೀನೇ ಅಲ್ವಾ ಹೇಳ್ಕೊಟ್ಟಿದ್ದು?"

ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕದ್ದದ್ದಕ್ಕಿಂತ, ಕದ್ದ ಮಾಲನ್ನು ನನ್ನ ಕೈಗೇ ಕೊಟ್ಟು ಚೆನ್ನಾಗಿದೆಯಾ ಅಂತ ಕೇಳಿದಳಲ್ಲ, ಅದಕ್ಕೆ ಮೈ ಉರಿಯಿತು. ನಂಬಿಸಿ ಕತ್ತು ಕೊಯ್ದೆ ಅಂದು ಎದ್ದು ಬಂದೆ. ಆಮೇಲಿನ ದಿನಗಳಲ್ಲಿ ಕಾರ್ಡು ಕಂಪೋಸ್ ಮಾಡುತ್ತಲೇ ಅವಳಿಗೆ ಮನಸ್ಸಿನಲ್ಲಿ ಶಾಪ ಹಾಕುತ್ತಿದ್ದೆ. ನನ್ನ ಮಗಳು ಈ ಆಂಟಿ ಬರೆದದ್ದನ್ನೆಲ್ಲ ಒಂದು ಸಾಲು ಬಿಡದೆ ಓದುವವಳು ಅನ್ನುವುದನ್ನು ಮಾತ್ರ ನೆನೆಯಲು ಧೈರ್ಯವಾಗಲಿಲ್ಲ.

ಒಂದು ಭಾನುವಾರ ಸಂಜೆ ಇಬ್ಬರೂ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಮಗಳು ತಲೆ ಎತ್ತದೆ ಕೇಳಿದಳು. "ಅಮ್ಮಾ, ನಿನಗೆ ಜಾಂಡೀಸ್ ಆಗಿರ್ಲಿಲ್ಲ ಅಲ್ವಾ?"

ಅಷ್ಟು ಹಿಂದಿನದು ನೆನಪಿಲ್ಲ ಅನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದೂ ಇತ್ತು. "ಆಗಿರ್ಲಿಲ್ಲ" ಅಂದೆ.

"ಅಪ್ಪನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಜ್ಜಿಗೆ? ಮಾವಂದಿರಿಗೆ?"

"ಅವರಿಗೂ."

ಅವಳು ಇನ್ನೊಂದು ಕಾಯಿ ಬಿಡಿಸಿದಳು. ನಾನೇ ಶುರುಮಾಡಿದೆ. "ಅವಳು ಹೀಗೆ ಮಾಡ್ತಾಳೆ ಅಂದ್ಕೊಂಡಿರ್ಲಿಲ್ಲ ಕಣೇ. ನಂಬಿ ಹೇಳಿದ್ದೆ. ಎಂಥ ದ್ರೋಹ ಮಾಡಿದ್ಲು ನೋಡು."

"ಆಂಟಿ ವಿಷ್ಯ ಬಿಡಮ್ಮ" ಅಂದಳು. "ಅವರಿಗೆ ಹೇಳೋಕೆ ನಿನಗೆ ಬಾಯಿ ಬಂತು. ನನಗೆ ಹೇಳೋಕೆ ಬರ್ಲಿಲ್ಲ."

ಕಾಳಿನ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಗೆಳತಿಯ ಜೊತೆ ನಾನು ಮಾತು ಬಿಟ್ಟು ಎಂಟು ತಿಂಗಳಾಯಿತು. ಮಗಳು ನನ್ನ ಜೊತೆ ಮಾತು ಬಿಟ್ಟಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾಳೆ, ಅಷ್ಟೇ.