ಬೆಟ್ಟದೆದುರಿನ ಹೋಟೆಲಿನಲ್ಲಿ ಕೇಳಿದ ದನಿ

“ನಾಚ್ಕಬ್ಯಾಡ ಕಣ್ಲಾ ಮಗಾ, ಇನ್ನೊಂದೀಟು ಇಕ್ಕುಸ್ಕೊ” ಎಂದು ಫಿಲಿಪ್ಪೀನ್ಸಿನ ಹೆಂಗಸೊಬ್ಬರು ಅನ್ನ ಬಡಿಸಿದಾಗ ನನ್ನ ತುತ್ತು ಬಾಯಿಗೆ ಹೋಗದೆ ನಿಂತಿತು. ಮಧುಗಿರಿ ಬೆಟ್ಟ ಹತ್ತಿಳಿದು ಕಾಲು ಸೋತಿದ್ದ ನಾವು ನಾಲ್ವರು ಗೆಳೆಯರು, ಅದೇ ಬೆಟ್ಟ ಪೂರ್ತಿ ಕಾಣುವ ಅವರ ಪುಟ್ಟ ಹೋಟೆಲಿನಲ್ಲಿ ಕೂತಿದ್ದೆವು. ಅವರ ಕಡೆಯ ಪದ್ಧತಿಯಂತೆ ಎಲ್ಲರಿಗೂ ಒಂದೇ ಬಾಳೆಲೆ, ಅದರ ಮೇಲೆ ಅನ್ನದ ರಾಶಿ, ವಿನಿಗರ್ ಹಾಕಿ ಬೇಯಿಸಿದ ಕೋಳಿ. ಎಂಜಲು ಎನ್ನಲು ಯಾರಿಗೂ ತ್ರಾಣವಿರಲಿಲ್ಲ.

ನನ್ನ ಮಿಮಿಕ್ರಿ ಬಾಯಿಗೆ ಮಾತ್ರ ಸುಸ್ತೆಂಬುದಿಲ್ಲ. ಆಕೆ ಅತ್ತ ಹೋದದ್ದೇ ತಡ, ಅದೇ ಮಾತನ್ನು ಅದೇ ರಾಗದಲ್ಲಿ ಅಣಕಿಸಿದೆ. ದುಬೈನಲ್ಲಿ ಆಕೆಯನ್ನು ಮದುವೆಯಾಗಿ ಊರಿಗೆ ಮರಳಿದ್ದ ಹತ್ತಿರದ ದೊಡ್ಡೇರಿಯವರಾದ ಗಂಡ, ಸೌಟು ಹಿಡಿದೇ ಅಡುಗೆಮನೆಯಿಂದ ಓಡಿಬಂದರು. ಒದೆ ಗ್ಯಾರಂಟಿ ಎಂದುಕೊಂಡು ಗೆಳೆಯನ ಹಿಂದೆ ಸರಿದೆ.

“ಯಾರಪ್ಪಾ ಅಂದಿದ್ದು? ನಮ್ಮವ್ವ ಹಿಂಗೇ ಅನ್ನೋಳು. ಇವಳಿಗೆ ಕನ್ನಡ ಕಲಿಸಿದ್ದೇ ಅವ್ವ. ಹೋದ್ ವರ್ಷ ತೀರ್ಕಂಡ್ಲು. ಇನ್ನೊಂದ್ಸಲ ಅನ್ನಪ್ಪಾ.”

ಅಂದೆ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಕೆ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗೆಳೆಯರು, “ಲೇ, ಆ ದನಿ ಇನ್ನೊಂದ್ಸಲ ಮಾಡ್ಲಾ” ಎಂದರು. ಸಿಕ್ಕಸಿಕ್ಕವರನ್ನೆಲ್ಲ ಅಣಕಿಸುವ ನಾನು ಸುಸ್ತಿನ ನೆಪ ಹೇಳಿ ಕಿಟಕಿಗೆ ತಲೆಯಾನಿಸಿದೆ. ನಗುವವರ ಮುಂದೆ ಅದನ್ನು ಇವತ್ತಿಗೂ ಮಾಡಿಲ್ಲ.