ಕಾಣದ ದರ್ಶನವೂ ಎಂಟು ಫರಸಿಯೂ

ಶಾಂತಮ್ಮತ್ತಿ, ಆ ದರ್ಶನ ನನಗೆ ಆಗಿರಲೇ ಇಲ್ಲ. ನಿಮ್ಮ ಮನೆ ಮೇಲಿನ ಮಾಳಿಗೆಗೆ ಹೊಸ ಫರಸಿಕಲ್ಲು ಕೂರುವುದನ್ನು ಕರ್ತನು ತೋರಿಸಿದ ಎಂದದ್ದು ಶುದ್ಧ ಸುಳ್ಳು. ಮೂರು ವರ್ಷದಿಂದ ನೀವು ಅದನ್ನೇ ಸಭೆಯಲ್ಲಿ ಸಾಕ್ಷಿ ಹೇಳುತ್ತೀರಿ, ಜನ ಆಮೆನ್ ಅನ್ನುತ್ತಾರೆ, ನಾನು ತಲೆ ತಗ್ಗಿಸಿ ಕೂರುತ್ತೇನೆ — ಅದನ್ನೂ ಅವರು ದೀನತೆ ಅಂದುಕೊಂಡಿದ್ದಾರೆ.

ಆಗ ನನಗೆ ಹದಿನಾಲ್ಕು. ಶಹಾಬಾದದ ನಮ್ಮ ಓಣಿಯಲ್ಲಿ ಪ್ರತಿ ಬುಧವಾರ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾಕೂಟ. ನನ್ನಷ್ಟು ಉದ್ದ ಪ್ರಾರ್ಥಿಸುವವರು ಪಕ್ಕದ ವಾಡಿ ಊರಿನವರೆಗೆ ಹುಡುಕಿದರೂ ಸಿಗುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿದಾಗ ಕುದಿಯುತ್ತಿದ್ದ ಚಹಾ, ಆಮೆನ್ ಅನ್ನುವ ಹೊತ್ತಿಗೆ ಆರಿ, ಕೆನೆಗಟ್ಟಿ, ಆ ಕೆನೆಯ ಮೇಲೆ ನೊಣವೊಂದು ಸಂಸಾರ ಹೂಡಿರುತ್ತಿತ್ತು.

ಆ ಬುಧವಾರ ಕೂಟ ನಿಮ್ಮ ಮನೆಯಲ್ಲಿತ್ತು. ಮಾಳಿಗೆಯ ಕಲ್ಲುಗಳು ಬಿರುಕು ಬಿಟ್ಟಿವೆ, ಮಳೆಗಾಲ ಬಂತು, ಅದಕ್ಕಾಗಿ ಪ್ರಾರ್ಥಿಸಿ ಎಂದು ಕೇಳಿದಿರಿ. ನಾನು ಆದಾಮನಿಂದ ಶುರು ಮಾಡಿದೆ. ಮುದುಕಿಯರು ಮೂಗು ಸೆಳೆಯತೊಡಗಿದರು. ಅಳು ಕೇಳಿದರೆ ನನ್ನ ನಾಲಿಗೆಗೆ ರೆಕ್ಕೆ —

"ಶನಿವಾರದೊಳಗ ಹೊಸ ಮಾಳಿಗಿ ಆಗ್ತದ. ಕರ್ತ ನನಗ ತೋರಿಸ್ಯಾನ."

ಶನಿವಾರ ಬೆಳಿಗ್ಗೆ ನಿಮ್ಮ ಮನೆಯ ಮುಂದೆ ಹಾದುಹೋದೆ. ಕೊಡ, ಟ್ರಂಕು, ಕೋಳಿ ಎಲ್ಲ ಬೀದಿಯಲ್ಲಿ. ಒಳಗೆ ನೋಡಿದರೆ ಮೇಲೆ ಆಕಾಶ. ನಿಮ್ಮ ಅಣ್ಣನ ಮಕ್ಕಳನ್ನು ಕರೆಸಿ ಹಳೆಯ ಕಲ್ಲನ್ನೆಲ್ಲ ಇಳಿಸಿಬಿಟ್ಟಿದ್ದಿರಿ. ಭಾನುವಾರದ ಸೀರೆ ಉಟ್ಟು, ನಡುಮನೆಯಲ್ಲಿ ಹೊರಸಿನ ಮೇಲೆ ಕೂತಿದ್ದಿರಿ.

"ಅತ್ತಿ, ಇದೇನ್ ಮಾಡೀರಿ?"

"ಹಳೇದು ತಲಿಮ್ಯಾಲ ಇಟ್ಕೊಂಡು ಹೊಸಾದು ಕೊಡಪಾ ಅಂದ್ರ ಅದ್ಯಾತರ ನಂಬಿಕಿನೋ ಸಾಮ್ಯಾ? ಕುಂದ್ರು, ದೂತರು ಬರೋ ಹೊತ್ತಾಯ್ತು."

ಚಿತ್ತಾಪುರದ ಕಡೆಯಿಂದ ಮೋಡಗಳು ಎಮ್ಮೆ ಹಿಂಡಿನಂತೆ ಬರುತ್ತಿದ್ದವು. ನಾನು ಓಡಿದೆ.

ಅಪ್ಪ ಫರಸಿ ಕಡಿಯುವ ಅಂಗಳದಲ್ಲಿದ್ದ. ಕೂಟದಲ್ಲಿ ಎಂದೂ ಬಾಯಿ ಬಿಡದೆ ಚಪ್ಪಲಿಗಳ ಪಕ್ಕ ಕೂರುವ ಮನುಷ್ಯ. ನನಗೆ ಅವನ ಬಗ್ಗೆ ಒಳಗೊಳಗೇ ನಾಚಿಕೆ. ಎಲ್ಲ ಹೇಳಿದೆ.

"ಖರೇನ ಕಂಡಿಯೇನು?"

"ಇಲ್ಲಪ್ಪ."

ಉಳಿ ಕೆಳಗಿಟ್ಟ. ಬೈಯಲಿಲ್ಲ — ಬೈದಿದ್ದರೆ ಹಗುರಾಗುತ್ತಿತ್ತು.

"ಹಂಗಾರ ನಡಿ. ಇನ್ನ ನಾವೇ ದೂತರು. ಆ ತುದಿ ಹಿಡಿ."

ಮೂಲೆ ಮುರಿದ ಕಲ್ಲುಗಳನ್ನು ಕೆಲಸದವರು ಪುಕ್ಕಟೆ ಮನೆಗೆ ಒಯ್ಯಬಹುದಿತ್ತು. ಎಂಟನ್ನು ಆರಿಸಿ ಹೊತ್ತು ತಂದೆವು. ಒಂದೊಂದೂ ಹಳೆ ಒಡಂಬಡಿಕೆಯಷ್ಟು ಭಾರ. ನಿಮ್ಮ ಗೋಡೆಯೇರುವಾಗ ನನ್ನ ಚಡ್ಡಿ ಹಿಂದಿನಿಂದ ಹರಿಯಿತು, ನೀವು ಕೆಳಗಿನಿಂದ ಕೂಗಿದಿರಿ — "ಏ ಸಾಮ್ಯಾ, ದೂತರಿಗೆ ಇಷ್ಟು ಬೆವರು ಬರ್ತದಂತ ಗೊತ್ತಿರಲಿಲ್ಲ ನೋಡು. ಚಡ್ಡೀನೂ ಗೊತ್ತಿರಲಿಲ್ಲ." ನಕ್ಕು ನಕ್ಕು ಹೊರಸು ಮುರಿಯುವುದೊಂದು ಬಾಕಿ. ಅಪ್ಪನೂ ನಕ್ಕ. ಅವನಿಗೆ ಅಷ್ಟೊಂದು ಹಲ್ಲುಗಳಿವೆಯೆಂದು ನನಗೆ ತಿಳಿದದ್ದೇ ಆ ದಿನ.

ಸಂದುಗಳಿಗೆ ಸಿಮೆಂಟು ಮೆತ್ತಿ ಇಳಿದೆವು. ಮಳೆ ಸಂಜೆಯವರೆಗೆ ತಡೆಯಿತು, ಆಮೇಲೆ ಹುಯ್ಯಿತು. ಒಳಗೆ ಒಂದು ಹನಿ ಇಲ್ಲ. ನೀವು ರೊಟ್ಟಿ ತಟ್ಟುತ್ತ ಹಾಡಿದಿರಿ, ನಾವು ಉಂಡೆವು. ಅಷ್ಟು ಖುಷಿಯ ಊಟ ನಾನು ಮತ್ತೆ ಉಂಡಿಲ್ಲ.

ಮರುದಿನ ಸಭೆಯಲ್ಲಿ ನೀವು ಎದ್ದಿರಿ. "ಸಾಮ್ಯಾ ಕಂಡಿದ್ದು ಕಂಡಂಗೇ ಆಯ್ತು." ಹಿಂತಿರುಗಿ ನೋಡಿದೆ. ಅಪ್ಪ ಕಲ್ಲು ತರಚಿದ ಹೆಗಲ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ಎಲ್ಲರ ಜೊತೆ ಆಮೆನ್ ಅಂದ. ಆಗ ನಾನು ಎದ್ದು ಹೇಳಬಹುದಿತ್ತು. ಎದ್ದೆ ಕೂಡ — ಕಾಲರು ಸರಿಮಾಡಿಕೊಳ್ಳಲಿಕ್ಕೆ.

ನೀವು ನಂಬಿದ್ದಕ್ಕೆ ಮಾಳಿಗೆಯನ್ನೇ ಇಳಿಸಿದಿರಿ. ಅಪ್ಪ ನಂಬಿಕೆಯ ಮಾತೇ ಆಡದೆ ಹೊತ್ತ. ನನ್ನದು — ಏನಿತ್ತು ನನ್ನದು?

ನಿಮಗೆ ಓದು ಬಾರದು, ಚೀಟಿ ಕಳಿಸಿ ತಪ್ಪಿಸಿಕೊಳ್ಳುವಂತಿಲ್ಲ. ಬರುವ ಭಾನುವಾರ ನೀವು ಸಾಕ್ಷಿಗೆ ಏಳುವ ಮೊದಲು ಇದನ್ನು ಎಲ್ಲರೆದುರು ನಾನೇ ಓದುತ್ತೇನೆ. ಕೊನೆಯ ಸಾಲನ್ನು ಗಟ್ಟಿಯಾಗಿ — ಆ ಕಲ್ಲು ಹೊತ್ತವನ ಹೆಸರು ಯೋಹಾನಪ್ಪ.