ನಮ್ಮ ಒಲೆಯ ಮುಂದೆ ಕಿರುಚಿದ ಮೀಟರು

ಇವತ್ತು ಬೆಳಿಗ್ಗೆ ತೊಳೆಯುವಾಗ ಕಾವಲಿಯ ತಳದಲ್ಲಿ ಮಸಿ ಕಂಡಿತು. ನಿಮ್ಮ ಮನೆಯಲ್ಲೂ ಕಂಡರೆ ತಿಕ್ಕಿ ಸುಮ್ಮನಾಗಬೇಡಿ. ಗ್ಯಾಸ್ ಸರಿಯಾಗಿ ಉರಿಯುತ್ತಿಲ್ಲ, ಬರ್ನರ್ ಬಿಚ್ಚಿಸಿ. ಪುಕ್ಕಟೆ ಸಲಹೆ ಕೊಡುವುದು ನನ್ನ ಹಳೆಯ ಚಾಳಿ. ಆದರೆ ಈ ಸಲಹೆ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ.

ಎರಡು ಸಾವಿರದ ಹದಿಮೂರು, ಹದಿನಾಲ್ಕರ ಮಾತು. ಸೌದಿಯ ಜಿದ್ದಾದಲ್ಲಿ, ಶರಫಿಯಾ ಪೇಟೆಯಲ್ಲಿ ನನ್ನದು ಹಳೆಯ ಗ್ಯಾಸ್ ಒಲೆಗಳ ಅಂಗಡಿ. ಊರಿಗೆ ಹೊರಟವರಿಂದ ಕೊಳ್ಳುವುದು, ಹೊಸದಾಗಿ ಬಂದವರಿಗೆ ಮಾರುವುದು. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಕಡಿಮೆ. ಒಲೆಯ ಜೊತೆ ಒಂದು ಉಪದೇಶವೂ ಹೋಗುತ್ತಿತ್ತು: "ಎಕ್ಸಾಸ್ಟ್ ಫ್ಯಾನಿನ ತೂತಿಗೆ ರಟ್ಟು ಇಟ್ಟು ಟೇಪ್ ಹೊಡೀರಿ. ಧೂಳು ಬರುದಿಲ್ಲ, ಏಸಿಯ ತಂಪು ಹೋಗುದಿಲ್ಲ." ಅದೇ ಊರಿನ ಅಜೀಜಿಯಾ ಬಡಾವಣೆಯ ನಮ್ಮ ಫ್ಲ್ಯಾಟಿನ ಕಿಟಕಿಯಿಲ್ಲದ ಅಡುಗೆಮನೆಯಲ್ಲೂ ಹಾಗೆಯೇ ಮಾಡಿದ್ದೆ.

ಆ ಬೇಸಿಗೆಯಿಡೀ ಹೆಂಡತಿ ಝುಬೈದಾಳಿಗೆ ತಲೆನೋವು. ಮುಲಾಮು ತಂದೆ, ಕನ್ನಡಕ ಮಾಡಿಸಿದೆ, ಫೋನ್ ಕಡಿಮೆ ನೋಡೆಂದು ಬುದ್ಧಿ ಹೇಳಿದೆ.

"ಒಲೆ ಎದುರು ನಿಂತ್ರೆ ಮಾತ್ರ ನೋಯುದು," ಅಂದಳು.

"ಅಡುಗೆ ಮಾಡ್ಲಿಕ್ಕೆ ಉದಾಸೀನ ಅಂತ ಹೇಳು," ಅಂದೆ. ನಕ್ಕಿದ್ದು ನಾನೊಬ್ಬನೇ.

ಸುರತ್ಕಲ್ ಕಡೆಯ ಗೆಳೆಯ ನಝೀರನಿಗೆ ಜಿದ್ದಾದಲ್ಲೇ ಹೋಟೆಲುಗಳ ಒಲೆಯಿಂದ ಹೊರಡುವ ಅನಿಲ ಅಳೆಯುವ ಕೆಲಸ. ನನ್ನ ಒಲೆ ಚೊಕ್ಕ ಎಂದು ಅವನ ಬಾಯಲ್ಲಿ ಹೇಳಿಸಿದರೆ ಬೆಲೆ ಏರಿಸಬಹುದಲ್ಲ! ಒಂದು ಶುಕ್ರವಾರ ಬಿರಿಯಾನಿಯ ಆಸೆ ತೋರಿಸಿ ಕರೆತಂದೆ. ದಮ್ಮಿಗಿಟ್ಟ ಪಾತ್ರೆಯ ಪಕ್ಕ ಅವನು ಮೀಟರಿನ ಕೊಳವೆ ಹಿಡಿದ. ಅಂಕಿ ಏರಿತು, ಏರುತ್ತಲೇ ಹೋಯಿತು, ಆಮೇಲೆ ಮೀಟರು ಕಿರುಚತೊಡಗಿತು.

"ನಿನ್ನ ಮೀಟರ್ ಹಾಳಾಗಿದೆ," ಅಂದೆ. ಅಲ್ಲೂ ಚೌಕಾಸಿ!

ನಝೀರ್ ಒಲೆ ಆರಿಸಿ ರಟ್ಟನ್ನು ಕಿತ್ತೆಸೆದ. "ಹೊರಗೆ ನಡೀರಿ ಇಬ್ರೂ! ಗ್ಯಾಸ್ ಸರಿ ಉರೀದೆ ಕಾರ್ಬನ್ ಮೊನಾಕ್ಸೈಡ್ ತುಂಬಿದೆ ಮಾರಾಯ್ರೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದಲ್ಲೇ ಕೊಲ್ತದೆ. ಈ ತೂತು ಮುಚ್ಚಿದ ಹುಚ್ಚ ಯಾರು?"

ಝುಬೈದಾ ನನ್ನನ್ನು ನೋಡಿದಳು. ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು, "ಅಡುಗೆ ಆದ್ಮೇಲೆ ದಿನಾ ನಿದ್ದೆ ಒತ್ತಿಕೊಂಡು ಬರ್ತಿತ್ತು," ಅಂದಳು, ಅಷ್ಟೇ.

ಬಿರಿಯಾನಿ ಯಾರೂ ಉಣ್ಣಲಿಲ್ಲ. ಒಲೆ ಮಾರಿದ ಮನೆಗಳಿಗೆಲ್ಲ ಆ ಸಂಜೆಯೇ ಓಡಿದೆ, ಟೇಪು ಕೀಳಲು. ಒಂದು ಬಾಗಿಲಲ್ಲಿ ಕೈಮಗು ಎತ್ತಿಕೊಂಡು ನಿಂತಾತ, "ನೀವೇ ಹೇಳಿದ್ದಲ್ವಾ?" ಎಂದು ಕೇಳಿದ. ನಾನು ಚಪ್ಪಲಿ ಬಿಟ್ಟು ಒಳಹೊಕ್ಕು, ಸ್ಟೂಲು ಹತ್ತಿ ಟೇಪು ಕೀಳತೊಡಗಿದೆ.

ಈಗ ಊರಲ್ಲಿದ್ದೇವೆ. ಅಡುಗೆಮನೆಯಲ್ಲಿ ಗಾಳಿ ಧಾರಾಳ. ಆದರೂ ಊಟವಾದ ಮೇಲೆ ಝುಬೈದಾ ಮಲಗಿದರೆ ನಾನು ಎರಡು ಸಲವಾದರೂ ಎದ್ದುಹೋಗಿ ಅವಳ ಮೂಗಿನ ಹತ್ತಿರ ಬೆರಳು ಹಿಡಿಯುತ್ತೇನೆ.

"ಎಂತ ನೋಡುದು? ಸತ್ತಿಲ್ಲ," ಅನ್ನುತ್ತಾಳೆ, ಕಣ್ಣು ತೆರೆಯದೆ.